ಕತ್ತರಿ ಮಾಮನ ಗಿಟಾರು, ವಕೀಲರ ಕೆನ್ನೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕತ್ತರಿ ಮಾಮನ ಮಾತು ಹೋದದ್ದು ಆಸ್ಪತ್ರೆಯ ಔಷಧಿ ಕೌಂಟರಿನ ಎದುರು, ಅವನ ಹೆಂಡತಿಯ ಜೊತೆ ಕೆಲಸ ಮಾಡುವ ನರ್ಸುಗಳೆಲ್ಲ ಗುಂಪಾಗಿ ನಿಂತಿದ್ದ ಹೊತ್ತಿನಲ್ಲಿ.

"ನಮ್ಮ ಸಿಸ್ಟರ್ ರಿಟೈರ್ ಆಗೋ ದಿನ ಎಲ್ಲರಿಗೂ ಊಟ ಇಟ್ಕೊಂಡಿದ್ದೀವಿ ಮಾಮ. ನೀವೇನು ಮಾಡ್ತೀರಿ?" ಎಂದು ಅವರಲ್ಲೊಬ್ಬಳು ಕೇಳಿದಳು. ಒಂದು ವಾಚು ಕೊಡಿಸ್ತೀನಿ ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಬಾಯಿಗೆ ಬಂದದ್ದು ಬೇರೆ.

"ಗಿಟಾರ್ ಬಾರಿಸ್ತೀನಿ. ಅವಳು ಟೀ ಕಾಯಿಸುವಾಗ ಗುನುಗ್ತಾಳಲ್ಲ, ಆ ಹಾಡು."

ಹೆಂಡತಿ ಆಗ ಬಾಟಲಿ ಎಣಿಸುತ್ತಿದ್ದಳು. ಎಣಿಕೆ ತಪ್ಪಿತು. ತಲೆಯೆತ್ತಿ ಗಂಡನನ್ನು ನೋಡಿದಳು. ಆ ಮುಖ ಅಷ್ಟು ಅರಳಿದ್ದನ್ನು ಮಾಮ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಹಿಂದೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು. ಮನೆಯಲ್ಲಿ ಗಿಟಾರೇ ಇರಲಿಲ್ಲ, ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಅವನಿಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಕತ್ತರಿ ಮಾಮ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಆ ಮಕ್ಕಳ ತಲೆ ಈಗ ಬೋಳಾಗಿದೆ, ಹೆಸರು ಮಾತ್ರ ಉಳಿದುಕೊಂಡಿದೆ. ಅವನದು ಎರಡು ಕುರ್ಚಿಯ ಕಟಿಂಗ್ ಅಂಗಡಿ. ಅವನ ಕತ್ತರಿಗೆ ನಿಲ್ಲುವ ಅಭ್ಯಾಸವಿಲ್ಲ. ಎಡಗೈಯ ಬಾಚಣಿಗೆ ಕೂದಲು ಹುಡುಕಿಕೊಂಡು ತಲೆಯೆಲ್ಲ ಅಲೆಯುತ್ತಿರುವಾಗಲೂ ಬಲಗೈಯ ಕತ್ತರಿ ಬರಿ ಗಾಳಿಯನ್ನು ಕಚಕಚ ಕತ್ತರಿಸುತ್ತಲೇ ಇರುತ್ತದೆ. ಆ ಸದ್ದಿಗೆ ತೂಕಡಿಸದ ಗಿರಾಕಿಯಿಲ್ಲ. ಗಡ್ಡ ಹೆರೆದ ಮೇಲೆ ಎಡಗೈಯ ಬೆರಳ ತುದಿಗಳನ್ನು ಕೆನ್ನೆಯ ಮೇಲೆ ಒಮ್ಮೆ ಹಾಯಿಸುತ್ತಾನೆ. ಒಂದೇ ಒಂದು ಕೂಳೆ ಉಳಿದಿದ್ದರೂ ಮತ್ತೆ ಸೋಪು ಹಚ್ಚುತ್ತಾನೆ. ಕಣ್ಣು ಮೋಸ ಹೋಗಬಹುದು, ಬೆರಳು ಹೋಗುವುದಿಲ್ಲ ಎಂಬುದು ಅವನ ಸಿದ್ಧಾಂತ.

ಅಂಗಡಿಯ ಮೇಲಿನ ಮಹಡಿಯಲ್ಲೇ ಗಿಟಾರ್ ಮೇಷ್ಟ್ರು ಪಾಠ ಹೇಳುತ್ತಿದ್ದರು. ಅವರ ಕೂದಲು ಸೊಂಟ ಮುಟ್ಟುತ್ತಿತ್ತು. ಮೆಟ್ಟಿಲ ಬುಡದಲ್ಲೇ ಕಟಿಂಗ್ ಅಂಗಡಿ ಇದ್ದೂ ಒಬ್ಬ ಮನುಷ್ಯ ಹಾಗೆ ಕೂದಲು ಇಳಿಬಿಟ್ಟುಕೊಂಡು ಓಡಾಡುವುದು ತನ್ನ ಕಸುಬಿನ ಮುಖಕ್ಕೆ ಹೊಡೆದಂತೆ ಎಂದು ಮಾಮ ಅವರ ಜೊತೆ ಮಾತು ಬಿಟ್ಟಿದ್ದ. ಈಗ ತಾನೇ ಮೆಟ್ಟಿಲು ಹತ್ತಬೇಕಾಯಿತು.

"ಕಲಿಸ್ತೀನಿ," ಎಂದರು ಮೇಷ್ಟ್ರು. "ಆದ್ರೆ ನನ್ನ ಕೂದಲ ಸುದ್ದಿಗೆ ಬರಬಾರದು."

"ತುದೀಲಿ ಒಂಚೂರು..."

"ಮಾಮ."

"ಆಯ್ತು ಬಿಡಿ. ನಾನೇನು ಕತ್ತರಿ ತಂದಿಲ್ಲ," ಎಂದು ಮಾಮ ಜೇಬಿನ ಮೇಲೆ ಕೈ ಇಟ್ಟುಕೊಂಡ. ಕತ್ತರಿ ಅಲ್ಲೇ ಇತ್ತು.

ಮೇಷ್ಟ್ರು ಒಂದು ಹಳೆಯ ಗಿಟಾರನ್ನು ಎರವಲು ಕೊಟ್ಟು ಉಪದೇಶ ಶುರು ಮಾಡಿದರು. ಕೈಗೆತ್ತಿಕೊಂಡಾಗಲೆಲ್ಲ ಮೊದಲು ಶ್ರುತಿ ನೋಡಿಕೊಳ್ಳಬೇಕು. ಎಡಗೈಯ ಉಗುರು ಬುಡಮಟ್ಟ ತೆಗೆಯಬೇಕು. ಗಿಟಾರಿನ ಕುತ್ತಿಗೆಯಲ್ಲಿರುವ ಲೋಹದ ಪಟ್ಟಿಯ ಮೇಲೆಯೇ ತಂತಿಯನ್ನು ಒತ್ತದೆ ಅದರ ಪಕ್ಕಕ್ಕೆ, ಸ್ವಲ್ಪ ಹಿಂದೆ ಒತ್ತಬೇಕು, ಇಲ್ಲವಾದರೆ ತಂತಿ ಗೊರಕೆ ಹೊಡೆಯುತ್ತದೆ.

"ದಿನಾ ಸ್ವಲ್ಪ ಸ್ವಲ್ಪ ಬಾರಿಸಿ. ರಜೆ ದಿನ ಒಂದೇ ಸಲ ಕೂತ್ಕೊಂಡ್ರೆ ಬೆನ್ನು ನೋಯುತ್ತೆ ಅಷ್ಟೇ, ಬೆರಳು ಕಲಿಯಲ್ಲ. ನಿಮ್ಮ ಹಾಡಿಗೆ ಮೂರೇ ಕಾರ್ಡ್ ಸಾಕು." ಕಾರ್ಡ್ ಎಂದರೆ ಮೂರು ಬೆರಳನ್ನು ಮೂರು ಕಡೆ ಊರಿ, ತಂತಿಗಳನ್ನೆಲ್ಲ ಒಟ್ಟಿಗೆ ಮೀಟುವುದು. "ಎಲ್ಲಕ್ಕಿಂತ ಮುಖ್ಯ ಮಾಮ, ಎಡಗೈ ತಪ್ಪಿದ್ರೂ ಬಲಗೈ ನಿಲ್ಲಬಾರದು."

ಮಾಮ ತಲೆಯಾಡಿಸಿದ. ಗಿರಾಕಿಗಳು ರಾಜಕೀಯ ಮಾತಾಡುವಾಗ ಆಡಿಸುತ್ತಿದ್ದುದು ಹೀಗೆಯೇ.

ಬಲಗೈ ನಿಲ್ಲುತ್ತಲೇ ಇತ್ತು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಎಡಗೈಯ ಬೆರಳುಗಳು ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸುತ್ತಿದ್ದವು. ಅವುಗಳ ರಾಜಿ ಆಗುವ ತನಕ ಬಲಗೈ ಮರ್ಯಾದೆಯಿಂದ ಕಾಯುತ್ತಿತ್ತು. ಅಷ್ಟರಲ್ಲಿ ಹಾಡು ಎಲ್ಲಿತ್ತೆಂಬುದು ಮರೆತುಹೋಗುತ್ತಿತ್ತು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಅಂಗಡಿಯಲ್ಲೇ ಅಭ್ಯಾಸಕ್ಕೆ ಕೂರುತ್ತಿದ್ದ. ಆದರೆ ಗಿಟಾರು ಕಂಡ ಮೇಲೆ ಗಿರಾಕಿ ಇಲ್ಲದ ಹೊತ್ತೇ ಇಲ್ಲವಾಯಿತು. ಬಿಟ್ಟಿ ಸಲಹೆ ಕೊಡಲು ಕಟಿಂಗ್ ಅಂಗಡಿಯ ಬೆಂಚಿಗಿಂತ ಒಳ್ಳೆಯ ಪೀಠ ಎಲ್ಲಿದೆ?

"ಸ್ಟೇರಿಂಗ್ ತರ ಹಿಡೀಬೇಕು ಮಾಮ," ಎಂದ ಬಸ್ ಡ್ರೈವರು. "ಬಿಗಿ ಹಿಡಿದ್ರೆ ಕೈ ನೋಯುತ್ತೆ, ಸಡಿಲ ಬಿಟ್ರೆ ಮರಕ್ಕೆ ಹೋಗುತ್ತೆ."

"ತಂತಿ ಮುಟ್ಟೋ ಮುಂಚೆ ಮೇನ್ ಆಫ್ ಮಾಡಿ," ಎಂದ ವೈರಿಂಗಿನವನು. ಅವನಿಗೆ ಗೊತ್ತಿದ್ದ ಸಲಹೆ ಅದೊಂದೇ.

ದಿನಾ ಬೆಳಿಗ್ಗೆ ಗಡ್ಡಕ್ಕೆ ಬರುವ ವಕೀಲರು ನೊರೆಯ ಒಳಗಿನಿಂದ ನಿಟ್ಟುಸಿರು ಬಿಟ್ಟರು. "ನಾನೂ ಚಿಕ್ಕೋನಿದ್ದಾಗ ಪಿಟೀಲು ಕಲೀತಿದ್ದೆ ಕಣಯ್ಯ. ನಮ್ಮಪ್ಪ ಮಾರಿಬಿಟ್ರು."

"ಪಿಟೀಲನ್ನಾ?"

"ಮನೇನ. ಅಕ್ಕಪಕ್ಕದವರು ಕೇಸ್ ಹಾಕಿದ್ರು. ಹಾಗೇ ನಂಗೆ ಕಾನೂನಿನ ಮೇಲೆ ಆಸೆ ಹುಟ್ಟಿದ್ದು."

ಬೆರಳ ತುದಿಗಳು ಮೊದಲು ಉರಿದವು, ಆಮೇಲೆ ಸುಲಿದವು, ಆಮೇಲೆ ಗಟ್ಟಿಯಾದವು. ನೋವು ನಿಂತಿತು. ಮೇಷ್ಟ್ರು ಅವನ್ನು ಒತ್ತಿ ನೋಡಿ, "ಈಗ ನೀವು ನಮ್ಮವರಾದ್ರಿ," ಎಂದರು. ಮಾಮ ಆ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದ.

ಊರಿನ ಗಂಡಸರ ಕೆನ್ನೆಗೆ ಏನೋ ಬಡಿದದ್ದು ಸರಿಯಾಗಿ ಅದೇ ವಾರ. ವಕೀಲರ ಗಡ್ಡ ಹೆರೆದು ಬೆರಳು ಹಾಯಿಸಿದರೆ ಒರಟು. ಮತ್ತೆ ಸೋಪು ಹಚ್ಚಿ ಹೆರೆದ. ಆಗಲೂ ಒರಟು. ಬ್ಲೇಡು ಬದಲಿಸಿ ಇನ್ನೊಮ್ಮೆ ಹೆರೆದ.

"ನಿಮ್ಮ ಗಡ್ಡ ಈಚೆಗೆ ಬಹಳ ಬಿರುಸಾಗಿದೆ ಸ್ವಾಮಿ."

"ವಯಸ್ಸಾದ ಹಾಗೆ ಮೆತ್ತಗಾಗಬೇಕಲ್ಲವೇನಯ್ಯ?"

"ನಿಮ್ಮ ವಿಷಯದಲ್ಲಿ ಉಲ್ಟಾ ಆಗಿದೆ."

ವಕೀಲರು ಇದನ್ನು ಹೊಗಳಿಕೆಯೆಂದೇ ತಿಳಿದು ಕೋರ್ಟಿಗೆ ಹೋದರು. ಅವರ ಕೆಂಪು ಕೆನ್ನೆಗಳನ್ನು ನೋಡಿದ ನ್ಯಾಯಾಧೀಶರು, ಎದುರು ಪಕ್ಷದವರು ಕೈಮಾಡಿದರೇ ಎಂದು ವಿಚಾರಿಸಿದರಂತೆ. ಡ್ರೈವರಿಗೂ ಅದೇ ಗತಿ, ವೈರಿಂಗಿನವನಿಗೂ ಅದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಮನಿಗೆ ಬ್ಲೇಡು, ಸೋಪು, ಟ್ಯಾಂಕಿನ ನೀರು ಎಲ್ಲವೂ ಡೊಂಕಾಗಿ ಕಂಡವು. ಸೋಪು ಬದಲಾಯಿತು, ಟ್ಯಾಂಕು ತೊಳೆದದ್ದಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ಫುಟ್‌ಪಾತಿನಲ್ಲಿ ನಡೆಯತೊಡಗಿದರು, ಬೀದಿಯಲ್ಲಿ ಇದ್ದಕ್ಕಿದ್ದಂತೆ ಋಷಿಗಳ ಸಂಖ್ಯೆ ಹೆಚ್ಚಿತು.

ಒಂದು ಸಂಜೆ ಹೆಂಡತಿ ಆ ಹಾಡನ್ನೇ ಗುನುಗುತ್ತ ಟೀ ಕಾಯಿಸುತ್ತಿದ್ದಳು. ಅವಳ ಕೆನ್ನೆಗೆ ಒಂದು ಹನಿ ಹಾಲು ಸಿಡಿದಿತ್ತು. ಮಾಮ ಬೆರಳಿನಿಂದ ಒರೆಸಿದವನೇ ಬೆಚ್ಚಿಬಿದ್ದ.

"ಏನೇ ಇದು, ನಿನಗೂ ಬಂತಾ?"

"ಏನು ಬಂತು?"

"ಕೆನ್ನೆ ಒರಟಾಗೋದು. ಊರಿಗೆಲ್ಲ ಬಂದಿದೆ. ನೀರಿನ ದೋಷ."

ಅವಳು ಚಮಚ ಕೆಳಗಿಟ್ಟು, ನಾಡಿ ನೋಡುವ ಹಾಗೆ ಅವನ ಎಡಗೈ ಹಿಡಿದುಕೊಂಡಳು. ಬೆರಳ ತುದಿಗಳನ್ನು ಒಂದೊಂದಾಗಿ ಉಗುರಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. ಅವಳಿಗೆ ನಗು ಬಂತು. ನಗು ನಿಲ್ಲುವಷ್ಟರಲ್ಲಿ ಟೀ ಉಕ್ಕಿ ಒಲೆ ಆರಿತ್ತು.

"ಕೆನ್ನೆ ಅಲ್ಲ ರೀ. ಒರಟಾಗಿರೋದು ನಿಮ್ಮ ಬೆರಳು."

ಮಾಮ ಬೆರಳನ್ನು ತನ್ನ ಕೆನ್ನೆಯ ಮೇಲೆ ಹಾಯಿಸಿ ನೋಡಿದ. "ವಕೀಲರನ್ನ ಮೂರು ಮೂರು ಸಲ ಹೆರೆದೆನಲ್ಲೇ."

"ಅಯ್ಯೋ ಪಾಪ."

"ಗಿಟಾರ್ ಬಿಟ್ರೆ ಮೆತ್ತಗಾಗುತ್ತಾ?"

"ಆಗುತ್ತೆ." ಅವಳು ಒಲೆಯ ಕಡೆ ತಿರುಗಿ ಚೆಲ್ಲಿದ ಟೀ ಒರೆಸತೊಡಗಿದಳು. "ಬಿಟ್ಬಿಡಿ. ಅಂಗಡಿ ಮುಖ್ಯ. ಹಾಡಿಗೇನು, ನಾನೇ ಗುನುಗ್ತೀನಲ್ಲ." ಆದರೆ ಗುನುಗಲಿಲ್ಲ.

ಮರುದಿನ ಅಂಗಡಿಯ ಬಾಗಿಲಿಗೆ ಒಂದು ರಟ್ಟು ನೇತುಬಿತ್ತು: 'ಗಡ್ಡಕ್ಕೆ ರಜೆ. ಕಟಿಂಗ್ ಮಾತ್ರ.'

ಹೆಂಡತಿ ರಿಟೈರ್ ಆಗುವ ದಿನ ಬಂತು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರು, ಪಕ್ಕದಲ್ಲಿ ಹೆಂಡತಿ. ಅವರ ಹಿಂದೆ ಗಡ್ಡ ಬಿಟ್ಟ ಗಿರಾಕಿಗಳು. ಕೊನೆಯಲ್ಲಿ ಮೇಷ್ಟ್ರು, ಕೂದಲನ್ನು ಗಂಟು ಹಾಕಿಕೊಂಡು.

ಮಾಮ ಶ್ರುತಿ ನೋಡಿಕೊಂಡ. ಇನ್ನೊಮ್ಮೆ ನೋಡಿಕೊಂಡ. "ಇದೇ ಹಾಡೇನೋ," ಎಂದು ಡ್ರೈವರು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮೊದಲ ಕಾರ್ಡು ಚೆನ್ನಾಗಿ ಬಂತು. ಎರಡನೆಯದಕ್ಕೆ ಬಲಗೈ ನಿಂತಿತು. ಯಾರೋ ಕೆಮ್ಮಿದರು. ಮತ್ತೆ ಮೊದಲಿಂದ ಹಿಡಿದ, ಮತ್ತೆ ಅಲ್ಲೇ ನಿಂತ. ಹಿಂದಿನಿಂದ ಗುಸುಗುಸು ಶುರುವಾಯಿತು. ಔಷಧಿ ಕೌಂಟರಿನಲ್ಲಿ ಅರಳಿದ್ದ ಮುಖ ಈಗ ನಿಧಾನವಾಗಿ ಮುದುಡುತ್ತಿತ್ತು. ಅದನ್ನು ನೋಡಲಾರದೆ ಮಾಮ ಪಕ್ಕಕ್ಕೆ ಕಣ್ಣು ತಿರುಗಿಸಿದ.

ಗುಸುಗುಸು ಮಾಡುವವರನ್ನು ಗದರಿಸಲು ಡಾಕ್ಟರು ಆಗಷ್ಟೇ ಹಿಂದಕ್ಕೆ ತಿರುಗಿದ್ದರು. ಮಾಮನ ಎದುರಿಗೆ ಅವರ ತಲೆಯ ಹಿಂಭಾಗ ಬಂದು ನಿಂತಿತು. ಯಾರೋ ಅವಸರದಲ್ಲಿ ಕತ್ತರಿಸಿದ ತಲೆ. ಬಲಗಿವಿಯ ಹಿಂದೆ ಒಂದು ಜುಟ್ಟು ಹಾಗೇ ಉಳಿದಿತ್ತು. ಮಾಮನ ಬಲಗೈ ತಂತಿಗಳ ಮೇಲೆ ತಂತಾನೇ ಮೇಲೆ ಕೆಳಗೆ ಆಡತೊಡಗಿತು. ಕಚಕಚ, ಕಚಕಚ. ಎಡಗೈ ಎಂದಿನಂತೆ ಎಲ್ಲೋ ಅಲೆಯುತ್ತಿತ್ತು. ಅಲೆಯಲಿ ಎಂದುಕೊಂಡ ಮಾಮ. ಬಾಚಣಿಗೆ ಬರುವ ತನಕ ಕತ್ತರಿ ಯಾವತ್ತಾದರೂ ನಿಂತಿದೆಯೇ? ಬೆರಳುಗಳು ತಡವಾಗಿ ಬಂದವು, ಆದರೆ ಬಂದವು. ಹಾಡು ಎಲ್ಲಿಯೂ ಹೋಗದೆ ಅಲ್ಲೇ ಕಾದಿತ್ತು.

ಡಾಕ್ಟರು ಮುಂದಕ್ಕೆ ತಿರುಗುವಷ್ಟರಲ್ಲಿ ಮೂರನೆಯ ಕಾರ್ಡೂ ಸಿಕ್ಕಿತ್ತು. ಹೆಂಡತಿ ಗುನುಗತೊಡಗಿದಳು. ಎರಡನೆಯ ಸಾಲಿನಲ್ಲಿ ವಕೀಲರು ಹಳೆಯ ಅಭ್ಯಾಸದಂತೆ ತೂಕಡಿಸಿ ಡ್ರೈವರನ ಹೆಗಲಿಗೆ ಒರಗಿದರು.

"ಹೇಗಿತ್ತೇ?" ಎಂದು ಕೇಳಿದ, ಎಲ್ಲ ಮುಗಿದ ಮೇಲೆ.

"ಟೀ ಕುದಿಯೋಷ್ಟು ಹೊತ್ತಿನ ಹಾಡು. ನೀವು ಆಲೂಗಡ್ಡೆ ಬೇಯೋ ತನಕ ಬಾರಿಸಿದ್ರಿ," ಎಂದಳು. ಆ ಮುಖ ಮತ್ತೆ ಅರಳಿತ್ತು. ಅವನ ಬೆರಳ ತುದಿಗಳನ್ನು ಸವರಿ, "ಇವನ್ನ ಹೀಗೇ ಇಟ್ಕೊಳ್ಳಿ," ಎಂದಳು.

"ಮತ್ತೆ ಕೆನ್ನೆ?"

"ನಾಳೆಯಿಂದ ನನಗೇನು ಕೆಲಸ?"

ಮರುದಿನ ರಟ್ಟು ಇಳಿಯಿತು. ಅಂಗಡಿಗೆ ಮೂರನೆಯ ಕುರ್ಚಿ ಬಂತು, ರಿಟೈರ್ ಆದ ಸಿಸ್ಟರ್‌ಗೆ. ವಕೀಲರ ಗಡ್ಡ ಹೆರೆದು ಮಾಮ ಪಕ್ಕಕ್ಕೆ ಸರಿದು ನಿಂತ. ಸಿಸ್ಟರ್ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ವಕೀಲರ ಹತ್ತಿರ ಬಂದಳು.

"ಸ್ವಲ್ಪ ಉಸಿರು ಎಳ್ಕೊಳ್ಳಿ. ನೋವಾಗಲ್ಲ."

ವಕೀಲರು ಗಟ್ಟಿಯಾಗಿ ಕಣ್ಣು ಮುಚ್ಚಿ ಷರ್ಟಿನ ತೋಳು ಮಡಚತೊಡಗಿದರು.

"ತೋಳಲ್ಲ," ಎಂದಳು ಸಿಸ್ಟರ್. "ಕೆನ್ನೆ."