ಹೊಲಿಗೆ ಹೊರಗಿರುವ ಕೋಟು

ಕೋಟು ಕೊಡುವುದಿಲ್ಲವೆಂದು ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು. ವಸ್ತುಸಂಗ್ರಹಾಲಯದಿಂದ ಬಂದಿದ್ದ ಮೇಡಂ ಚಹಾದ ಲೋಟ ಕೆಳಗಿಟ್ಟರು.

"ಅದಿಲ್ಲದೆ ಪ್ರದರ್ಶನವೇ ಇಲ್ಲಮ್ಮ. ನಿಮ್ಮ ತಂಗಿ ಹೊಲಿದ ಮೊದಲ ಕೋಟು ಅದು. ಗಾಜಿನೊಳಗಿಟ್ಟು ನೂರು ವರ್ಷ ಕಾಪಾಡ್ತೀವಿ."

"ನೂರು ವರ್ಷ ಕಟ್ಕೊಂಡು ನಾನೇನ್ ಮಾಡ್ಲಿ ತಾಯಿ? ನನಗೆ ನಾಳೆ ಬೆಳಿಗ್ಗೆ ಹಾಕ್ಕೊಳ್ಳೋಕೆ ಬೇಕು."

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಂಗಿ ಕೊಡು ಎನ್ನಲಿಲ್ಲ, ಕೊಡಬೇಡ ಎಂದೂ ಹೇಳಲಿಲ್ಲ. ಅದೇ ಅಕ್ಕನನ್ನು ಒಳಗೊಳಗೇ ಕೊರೆಯಿತು.

ಹರೆಯದಲ್ಲಿ ಇಬ್ಬರೂ ಸಮವಸ್ತ್ರದ ಕಾರ್ಖಾನೆಯಲ್ಲಿದ್ದರು. ತಂಗಿ ಹೊಲಿಗೆಗೆ, ಅಕ್ಕ ಇಸ್ತ್ರಿಗೆ. ಒಂದು ದಿನ ಉಗಿಯ ಇಸ್ತ್ರಿಯಂತ್ರ ಅಕ್ಕನ ಬಲಗೈ ಮೇಲೆ ಮುಚ್ಚಿಕೊಂಡಿತು. ಗಾಯವೇನೋ ಮಾಯಿತು, ಮೊಣಕೈ ಮಾತ್ರ ಮತ್ತೆ ಮಡಚಲಿಲ್ಲ. ಯಾವ ಬಟ್ಟೆಯ ತೋಳೂ ಏರದು. ಹೇಗೋ ಏರಿಸಿದರೆ ಒಳಗಿನ ಹೊಲಿಗೆ ಸುಟ್ಟ ಚರ್ಮವನ್ನು ತರಚುತ್ತಿತ್ತು. ಬಟ್ಟೆ ತೊಡಲೂ ಇನ್ನೊಬ್ಬರನ್ನು ಕಾಯುವುದಿದೆಯಲ್ಲ, ಅಯ್ಯೋ, ಆ ಪಾಡು ಶತ್ರುವಿಗೂ ಬೇಡ. ಆಗ ತಂಗಿ ಕಾರ್ಖಾನೆ ಬಿಸಾಡಿದ ಬೂದು ಬಟ್ಟೆಯ ತುಂಡುಗಳನ್ನು ಕೂಡಿಸಿ ಈ ಕೋಟು ಹೊಲಿದಳು. ಬಲತೋಳು ಮಣಿಕಟ್ಟಿನಿಂದ ಕುತ್ತಿಗೆಯವರೆಗೆ ಸೀಳು. ಎಡಗೈಯೊಂದರಲ್ಲೇ ಹಾಕಬಹುದಾದ ದಪ್ಪ ಗುಂಡಿಗಳು. ಚರ್ಮಕ್ಕೆ ತಾಗದಂತೆ ಹೊಲಿಗೆಯೆಲ್ಲ ಹೊರಗೆ.

"ಉಲ್ಟಾ ಹಾಕ್ಕೊಂಡಿದ್ದೀಯಲ್ಲೇ!" ಎಂದು ಬೀದಿಯೇ ನಕ್ಕಿತು. ನಗುವವರು ನಗಲಿ ಎಂದು ತಂಗಿ ತಾನೂ ಒಂದನ್ನು ಹಾಗೇ ಹೊಲಿದುಕೊಂಡು ಕಾರ್ಖಾನೆಗೆ ಹೋದಳು. ಕೆಲಸ ಹೋಯಿತು, ತಿರುಗಾಮುರುಗಾ ಎಂಬ ಅಡ್ಡಹೆಸರು ಬಂತು.

ಆಮೇಲೆ ನೋಡಿ ತಮಾಷೆ. ಬೀದಿಯ ಹಾಡುಗಾರರು, ಕಾಲೇಜು ಬಿಟ್ಟವರು, ಕನ್ನಡಿ ಕಂಡರೆ ಮುಖ ತಿರುಗಿಸುತ್ತಿದ್ದ ಗೂನು ಬೆನ್ನಿನ ಟೀಚರ್, ಎಲ್ಲರೂ ಬಟ್ಟೆ ಹೊಲಿಸಿಕೊಳ್ಳಲು ಅವಳ ಬಾಗಿಲಿಗೇ ಬಂದರು. ಹುಚ್ಚಾಟ ಎಂದು ಬರೆದ ಪತ್ರಿಕೆಗಳೇ ಹತ್ತು ವರ್ಷದ ಮೇಲೆ ಬಂಡಾಯ ಎಂದು ಬರೆದವು. ಒಂದೇ ಅಳತೆಯಲ್ಲಿ ಹತ್ತು ಸಾವಿರ ಹೊಲಿಸೋಣ ಎಂದು ದೊಡ್ಡ ಅಂಗಡಿಯವರು ಬಂದಾಗ, "ಯಾರ ಅಳತೆ?" ಎಂದು ಕೇಳಿದಳು. ಎದುರಿಗೆ ಮನುಷ್ಯ ನಿಂತು, ಕೂತು, ಬಗ್ಗಿ, ಕೈ ಎತ್ತಿ ತೋರಿಸದೆ ಅವಳು ಕತ್ತರಿ ಮುಟ್ಟಿದವಳೇ ಅಲ್ಲ. ಎಂಥ ಹಟಮಾರಿ! ಅಕ್ಕ ಎದುರಿಗೆ ಬೈಯುತ್ತಿದ್ದಳು, ಹಿಂದಿನಿಂದ ಊರಿಗೆಲ್ಲ ಹೇಳಿ ಬೀಗುತ್ತಿದ್ದಳು.

ಈಗ ವಯಸ್ಸಾಗಿ ತಂಗಿಯ ಬೆರಳುಗಳು ನಡುಗುತ್ತವೆ. ಅಂಥದ್ದೇ ಇನ್ನೊಂದು ಅವಳಿಂದಾಗದು. ಬೇರೆಯವರು ಹೊಲಿದದ್ದು ಅಕ್ಕನ ಕೈಗೆ ಒಗ್ಗಲಿಲ್ಲ. ಆದರೂ ತನ್ನೊಬ್ಬಳಿಂದ ತಂಗಿಯ ಪ್ರದರ್ಶನ ನಿಲ್ಲುವುದೇ? ಒಂದು ವಾರ ಒದ್ದಾಡಿ ಅಕ್ಕ ಕೋಟನ್ನು ತಂದು ಮೇಜಿನ ಮೇಲಿಟ್ಟಳು.

"ತಗೊಂಡ್ಹೋಗೇ. ನಾನು ಶಾಲು ಹೊದ್ಕೋತೀನಿ."

"ಶಾಲು ಜಾರುತ್ತಲ್ಲೇ ಅಕ್ಕಾ."

"ಜಾರಿದ್ರೆ ಜಾರ್ಲಿ ಬಿಡೇ."

ತಂಗಿ ಕೋಟು ಎತ್ತಿಕೊಂಡು ಹೋದಳು. ಕೊಟ್ಟಿದ್ದು ತಾನೇ ಆದರೂ, ಇಷ್ಟು ಸಲೀಸಾಗಿ ಒಯ್ದಳಲ್ಲ ಎಂದು ಅಕ್ಕನಿಗೆ ಅಳು ಬಂತು.

ಪ್ರದರ್ಶನ ಶುರುವಾದ ದಿನ ಅಕ್ಕ ಜಾರುವ ಶಾಲನ್ನು ಹಿಡಿದುಕೊಂಡೇ ಹೋದಳು. ಬಾಗಿಲಲ್ಲೇ ತಂಗಿ ಕೋಟು ಹಿಡಿದು ನಿಂತಿದ್ದಳು.

"ಹಾಕ್ಕೋ."

"ಮತ್ತೆ ಗಾಜಿನ ಪೆಟ್ಟಿಗೆಗೆ?"

"ಕೊಡೋಕಂತ ಒಯ್ದೆ, ಮನಸ್ಸು ಬರ್ಲಿಲ್ಲ. ಮೂರು ದಿನ ಜಗಳ ಆಡ್ದೆ. ಪ್ರದರ್ಶನ ನಿಂತ್ರೂ ಸರಿ ಅಂದೆ. ಕೊನೆಗೆ ಆ ಮೇಡಂ ಒಪ್ಕೊಂಡ್ರು. ಬಾ."

ಅಕ್ಕ ಶಾಲು ತೆಗೆದು ಕೋಟು ತೊಟ್ಟಳು. ಒಳಗೆ ಗೋಡೆ ತುಂಬ ದೊಡ್ಡಕ್ಷರಗಳಲ್ಲಿ 'ಶಿಸ್ತಿನ ವಿರುದ್ಧ ಬಂಡಾಯ' ಎಂದಿತ್ತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಬಂಡಾಯವಂತೆ! ನನ್ನ ಕೈ ಮಡಚಲ್ಲ ಅಂತ ಹೊಲ್ದಿದ್ದು ತಾನೇ?"

"ಕೈ ಮಡಚದವಳಿಗೆ ಯಾವ ಅಂಗಡೀಲೂ ಒಂದು ಬಟ್ಟೆ ಇರ್ಲಿಲ್ಲ. ಹೊಲ್ಕೊಟ್ಟೆ. ನನಗೆ ಗೊತ್ತಿರೋ ಬಂಡಾಯ ಅಷ್ಟೇ ಕಣೇ."

ನಡುಮನೆಯಷ್ಟು ದೊಡ್ಡ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಂದು ಖಾಲಿ ನಿಂತಿತ್ತು. ಜನ ಅದನ್ನೇ ಸುತ್ತುವರಿದಿದ್ದರು. ಒಳಗೊಂದು ಸಣ್ಣ ಚೀಟಿ: 'ಮೊದಲ ಕೋಟು. ಬಳಕೆಯಲ್ಲಿದೆ.'

ಅಕ್ಕ ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು. ಕೊರಳಿನ ಗುಂಡಿ ಹಾಕಲು ತಂಗಿ ನಡುಗುವ ಕೈ ಚಾಚಿದಾಗ, "ಬಿಡೇ, ನಾನೇ ಹಾಕ್ಕೋತೀನಿ" ಎಂದು ಎಡಗೈಯಲ್ಲಿ ಹಾಕಿಕೊಂಡಳು.