ಸಂಕ್ರಮಣದ ಜಳಕ ಮಾಡಿದ ಟೈರು

ನಾನು ಒಂದು ಟೈರು. ಹಿಮದ ಮೇಲೆ ಓಡುವುದಕ್ಕೆಂದೇ ಹುಟ್ಟಿದವನು. ಈಗ ಬೈಲಹೊಂಗಲದ ಬಿಸಿಲಿನಲ್ಲಿ ಒಂದು ಡ್ರೈವಿಂಗ್ ಶಾಲೆಯ ಗೋಡೆಗೆ ಒರಗಿ ಕೂತಿದ್ದೇನೆ. ಹಿಮದ ಟೈರಿಗೆ ಇಲ್ಲೇನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಜನರ ಕಣ್ಣಿಗೆ ಟೈರೆಂದರೆ ಟೈರು ಅಷ್ಟೆ. ಕೇಳದೇ ಇರುವುದೇ ನನಗೂ ಒಳ್ಳೆಯದು, ಏಕೆಂದರೆ ನನ್ನ ಕಥೆಯಲ್ಲಿ ತಲೆಯೆತ್ತಿ ಹೇಳುವಂಥದ್ದು ಕಡಿಮೆ. ಆದರೂ ಇವತ್ತು ಹೇಳಿಬಿಡುತ್ತೇನೆ.

ರಬ್ಬರು, ಮಸಿ, ನುಣುಪು ಮರಳು ಎಲ್ಲ ಕಲಸಿ, ಬಿಸಿ ಅಚ್ಚಿನಲ್ಲಿ ಬೇಯಿಸಿ ನನ್ನನ್ನು ತೆಗೆದರು. ಜೊತೆಯಲ್ಲೇ ಮೂವರು ಒಡಹುಟ್ಟಿದವರು ಬಂದರು. ನಮ್ಮ ಮೈಮೇಲೆ ಅಗಲವಾದ ಕಾಲುವೆಗಳಿದ್ದವು, ಆ ಕಾಲುವೆಗಳ ನಡುವೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿದ್ದವು. ಉಳಿದ ಟೈರುಗಳು ಅಂಗಡಿಗೆ ಹೋದವು. ನಮ್ಮ ನಾಲ್ವರ ಕೆನ್ನೆಗೆ ಮಾತ್ರ ಹಳದಿ ಬಣ್ಣದಲ್ಲಿ '೧೦೦' ಎಂದು ಬರೆದರು. ನಾವು ಮಾರಾಟಕ್ಕಲ್ಲ, ಅಳತೆಗೆ. ಬೇರೆ ಟೈರುಗಳನ್ನು ಪರೀಕ್ಷೆ ಮಾಡುವಾಗ ಮೊದಲು ನಮ್ಮನ್ನು ಓಡಿಸಬೇಕು. ಬ್ರೇಕ್ ಒತ್ತಿದ ಮೇಲೆ ನಾವು ನಿಂತ ದೂರಕ್ಕೆ ನೂರು ಅಂಕ. ನಮಗಿಂತ ಬೇಗ ನಿಂತವನಿಗೆ ನೂರಕ್ಕಿಂತ ಹೆಚ್ಚು, ತಡವಾಗಿ ನಿಂತವನಿಗೆ ಕಡಿಮೆ. ಹಿಮ ದಿನಕ್ಕೊಂದು ಬಗೆ ಇರುತ್ತದೆ. ಅದಕ್ಕಾಗಿಯೇ ಬದಲಾಗದ ನಮ್ಮಂಥವರು ಬೇಕು. ಇದು ತಿಳಿದ ದಿನದಿಂದ ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ನಮ್ಮನ್ನು ಹಿಮಾಚಲದ ಒಂದು ಎತ್ತರದ ಕಣಿವೆಗೆ ಸಾಗಿಸಿದರು. ಅಲ್ಲಿ ಚಳಿಗಾಲಕ್ಕೆ ಪೂರ್ತಿ ಹೆಪ್ಪುಗಟ್ಟುವ ಒಂದು ಕೆರೆಯಿತ್ತು. ಪರೀಕ್ಷೆ ಮಾಡಲು ಇಬ್ಬರು ಬಂದಿದ್ದರು, ಇಬ್ಬರೂ ನಮ್ಮ ಕಡೆಯವರೇ. ತನುಜಾ ಎಂಜಿನಿಯರ್, ತಿಪಟೂರಿನವಳು, ಅಂಕಿಗಳನ್ನು ಬರೆಯುವವಳು. ಅಡಿವೆಪ್ಪ ಕರೋಶಿ ಡ್ರೈವರ್, ಬೈಲಹೊಂಗಲದವನು, ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ನಿವೃತ್ತನಾದವನು. ಅವನು ಬ್ರೇಕ್ ಒತ್ತಿದರೆ ಪ್ರತಿ ಸಲವೂ ಅದೇ ಗುರುತಿನ ಮೇಲೆ, ಅಷ್ಟೇ ಬಲವಾಗಿ ಒತ್ತುತ್ತಿದ್ದ.

ಇಬ್ಬರೂ ಉಳಿದುಕೊಂಡದ್ದು ಪಾಲ್ಮೋ ಎಂಬ ಮುದುಕಿಯ ಮನೆಯಲ್ಲಿ. ಅವಳು ಅಡಿಗೆ ಮಾಡಿ ಹಾಕುತ್ತಿದ್ದಳು, ಬಿಡುವಾದಾಗ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಅವಳ ಮಗ ಅಂಗ್ರುಪ್ ಕಣಿವೆಯ ಆಂಬುಲೆನ್ಸ್ ಓಡಿಸುತ್ತಿದ್ದ. ಅವರ ಜೊತೆಗಿನ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು, ನಾನು ಕನ್ನಡದಲ್ಲೇ ಹೇಳುತ್ತೇನೆ. ಆಂಬುಲೆನ್ಸಿನ ಟೈರುಗಳು ಬೋಳಾಗಿದ್ದವು. ನಮ್ಮ ಪರೀಕ್ಷೆಯಲ್ಲಿ ಯಾವ ಹೊಸ ಟೈರು ಮೂರು ನೆಲದಲ್ಲೂ ಗೆಲ್ಲುತ್ತದೋ ಅದನ್ನೇ ಹಾಕಿಸುವುದೆಂದು ಊರವರು ಕಾದಿದ್ದರು. "ನೀವು ಹೇಳಿದ್ದೇ ಕೊನೆ ಮಾತು," ಎಂದಿದ್ದ ಅಂಗ್ರುಪ್. ಆ ಮಾತು ನನಗೇ ಹೇಳಿದ್ದು ಎಂದುಕೊಂಡೆ.

ಮೂರು ನೆಲ ಎಂದರೆ ತುಳಿದು ಗಟ್ಟಿಯಾದ ಹಿಮ, ಮಂಜುಗಡ್ಡೆ, ಮತ್ತು ಅರ್ಧ ಕರಗಿದ ಹಿಮದ ಕೆಸರು. ಮೂರಕ್ಕೂ ಬೇರೆ ಬೇರೆ ವಿದ್ಯೆ ಬೇಕು. ಹಿಮದ ಮೇಲೆ ನಮ್ಮ ಕಾಲುವೆಗಳಲ್ಲಿ ಹಿಮವನ್ನೇ ತುಂಬಿಕೊಂಡು ಹಿಮವನ್ನು ಹಿಡಿಯಬೇಕು. ಅಡಿವೆಪ್ಪ 'ರಾಡಿ' ಎನ್ನುತ್ತಿದ್ದ ಆ ಕೆಸರಿನಲ್ಲಿ ಅಗಲ ಕಾಲುವೆಗಳಿಂದ ನೀರನ್ನು ಪಕ್ಕಕ್ಕೆ ತಳ್ಳಬೇಕು. ಮಂಜುಗಡ್ಡೆ ಎಲ್ಲಕ್ಕಿಂತ ಕಷ್ಟ. ಅದರ ಮೇಲೆ ತೆಳ್ಳಗೆ ನೀರಿನ ಪೊರೆ ಇರುತ್ತದೆ, ಸಣ್ಣ ಸೀಳುಗಳು ಬಾಯಿ ತೆರೆದು ಅದನ್ನು ಹೀರಿಕೊಂಡರೆ ಮಾತ್ರ ರಬ್ಬರು ಕಚ್ಚುತ್ತದೆ.

ಆ ವರ್ಷ ಎಲ್ಲರ ಕಣ್ಣೂ ಕೆಂಪು ಗೆರೆಯ ಒಂದು ಟೈರಿನ ಮೇಲಿತ್ತು. ದಷ್ಟಪುಷ್ಟ ಮೈ, ಬಾಯಗಲದ ಕಾಲುವೆಗಳು. ರಾಡಿಯಲ್ಲಿ ಅದು ನೂರಾ ಆರು ಅಂಕ ಪಡೆಯಿತು, ಹಿಮದಲ್ಲಿ ನೂರಾ ಒಂದು. ಆದರೆ ಅದರ ಸೀಳುಗಳು ಬೆರಳೆಣಿಕೆಯಷ್ಟು, ಅವೂ ಆಳವಿರಲಿಲ್ಲ. ಮಂಜುಗಡ್ಡೆಯ ದಿನ ಇದರ ಬಣ್ಣ ಬಯಲಾಗುತ್ತದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ದಿನ ಸಂಕ್ರಮಣವಾಗಿತ್ತು.

ಅಳತೆಯ ಟೈರುಗಳು ಹೊರಗಿನ ತಣ್ಣನೆಯ ಶೆಡ್ಡಿನಲ್ಲೇ ಮಲಗಬೇಕು, ಮನೆಯೊಳಗೆ ತರಬಾರದು, ನೀರು ತಾಗಿಸಬಾರದು. ತನುಜಾ ಇದನ್ನು ಬಾಗಿಲಿಗೆ ಬರೆದು ಅಂಟಿಸಿದ್ದಳು. ಆದರೆ ಅಡಿವೆಪ್ಪನ ಕಡೆ ಸಂಕ್ರಮಣವೆಂದರೆ ಮೈಗೆ ಎಳ್ಳು ಹಚ್ಚಿ ಜಳಕ ಮಾಡುವ ಹಬ್ಬ. ದನಗಳಿಗೂ ಬಿಡುವುದಿಲ್ಲ. ಬೆಳಿಗ್ಗೆ ತನುಜಾ ಕೆರೆಯ ಮೇಲೆ ಗುರುತು ಹಾಕಲು ಹೋದ ಕೂಡಲೇ ಅವನು ನಮ್ಮ ನಾಲ್ವರನ್ನೂ ಅಡಿಗೆಮನೆಗೆ ಉರುಳಿಸಿಕೊಂಡು ಬಂದ.

"ಮನ್ಯಾಗ ಎತ್ತಿನ ಮೈ ತೊಳೀತೀವಿ. ಇಲ್ಲಿ ನನ್ನ ಎತ್ತು ನೀವ ಅಲ್ಲೇನ? ವರ್ಷದ ಹಬ್ಬದಾಗ ಹಂಗ ಹೊಲಸ ಮೈಲೆ ಹೋಗಬಾರದು," ಎಂದ.

ಪಾಲ್ಮೋ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಟೈರಿಗೆ ಸ್ನಾನವೇ? ಇರು, ನೀರು ನಾನೇ ಕಾಯಿಸಿಕೊಡುತ್ತೇನೆ," ಎಂದು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಅಡಿವೆಪ್ಪ ಹದವಾದ ಬಿಸಿನೀರು ಸುರಿದು ತಿಕ್ಕಿದ, ವಿಭೂತಿ ಎಳೆದ, ಊದುಬತ್ತಿ ಬೆಳಗಿದ. ಪಾಲ್ಮೋಗೆ ಎಳ್ಳುಬೆಲ್ಲ ಕೊಟ್ಟ. ಅವಳು ಅವನಿಗೆ ತಾನು ಹೆಣೆದ ಕಾಲುಚೀಲವನ್ನು ತೋರಿಸಿ, "ಒಂದು ಮುಗಿದಿದೆ, ಇನ್ನೊಂದನ್ನು ಹೆಣೆದು ಜೋಡಿಯಾಗಿ ಕೊಡುತ್ತೇನೆ," ಎಂದಳು.

ನಿಜ ಹೇಳುತ್ತೇನೆ, ನನಗೆ ಆ ಜಳಕ ತುಂಬ ಹಿಡಿಸಿತು. ನೀರು ಸೀಳುಗಳ ಒಳಗೆ ಇಳಿಯುತ್ತಿದ್ದುದು ಗೊತ್ತಾಗುತ್ತಿತ್ತು. ಅದು ಅಲ್ಲೇ ನಿಂತದ್ದೂ ಗೊತ್ತಾಯಿತು. ಆದರೂ ಸನ್ಮಾನಕ್ಕೆ ಕೂತವನಂತೆ ಹಿಗ್ಗಿ ಕೂತಿದ್ದೆ.

ಹೊರಗೆ ಸೊನ್ನೆಗಿಂತ ಹದಿನಾರು ಡಿಗ್ರಿ ಕೆಳಗೆ. ಕಾರಿಗೆ ನಮ್ಮನ್ನು ಹಾಕಿ ಕೆರೆಗೆ ಹೋಗುವಷ್ಟರಲ್ಲಿ ಸೀಳುಗಳ ನೀರು ಹೆಪ್ಪುಗಟ್ಟಿ ಗಟ್ಟಿಯಾಯಿತು. ನೂರಾರು ಬಾಯಿಗಳೂ ಮುಚ್ಚಿಹೋದವು. ಅಡಿವೆಪ್ಪ ಬ್ರೇಕ್ ಒತ್ತಿದ. ಕಚ್ಚಲು ಹೋದೆ, ಹಿಡಿತ ಸಿಗಲಿಲ್ಲ. ಮಂಜುಗಡ್ಡೆಯ ಮೇಲೆ ಸಾಮಾನ್ಯವಾಗಿ ಇಪ್ಪತ್ತಾರು ಮೀಟರಿಗೆ ನಿಲ್ಲುವ ನಾನು ಮೂವತ್ಮೂರಕ್ಕೆ ನಿಂತೆ.

"ಇವತ್ತು ಕೆರೆ ತುಂಬಾ ನುಣುಪಾಗಿದೆ ಅನ್ಸುತ್ತೆ ಅಡಿವೆಪ್ಪನವ್ರೇ," ಎಂದು ತನುಜಾ ಬರೆದುಕೊಂಡಳು. ನಾನು ಜಾರಿದರೆ ತಪ್ಪು ಕೆರೆಯದು. ಅಳತೆಗೋಲನ್ನು ಯಾರೂ ಅನುಮಾನಿಸುವುದಿಲ್ಲ. ಆಮೇಲೆ ಕೆಂಪು ಗೆರೆ ಓಡಿತು, ಮೂವತ್ತೆರಡು ಮೀಟರಿಗೆ ನಿಂತಿತು. ನನಗೆ ಹೋಲಿಸಿದರೆ ಅದಕ್ಕೆ ನೂರಾಮೂರು ಅಂಕ! ಪರೀಕ್ಷೆಯ ಕೊನೆಗೆ ನಮ್ಮನ್ನು ಇನ್ನೊಮ್ಮೆ ಓಡಿಸಿ ತಾಳೆ ನೋಡುವ ಕ್ರಮವಿತ್ತು. ಅಷ್ಟರಲ್ಲಿ ಹಿಮ ಸುರಿಯತೊಡಗಿತು. "ಇರ್ಲಿ ಬಿಡಿ, ಬೆಳಗಿನದೇ ಸಾಕು," ಎಂದಳು ತನುಜಾ.

ಮಧ್ಯಾಹ್ನ ಶೆಡ್ಡಿನಲ್ಲಿ ನನ್ನನ್ನು ಎತ್ತಿಡುವಾಗ ಅಡಿವೆಪ್ಪನ ಉಗುರಿಗೆ ಏನೋ ತಾಗಿತು. ಕೆದಕಿದ. ಸೀಳಿನೊಳಗಿಂದ ದಾರದಂಥ ಬಿಳಿ ಮಂಜಿನ ಎಳೆ ಹೊರಗೆ ಬಂತು. ಇನ್ನೊಂದು ಕೆದಕಿದ, ಅಲ್ಲೂ ಅದೇ. ಅವನ ಮುಖ ಕಪ್ಪಿಟ್ಟಿತು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇಪ್ಪತ್ತೆರಡು ವರ್ಷದಾಗ ಒಂದು ತಪ್ಪು ಬರಿಸಿಕೊಂಡಾಂವ ಅಲ್ಲ ನಾ," ಎಂದ. "ಒಂದ ಅಂಕಿ ಹೆಚ್ಚುಕಮ್ಮಿ ಆದ್ರ ಏನಾಗತೈತಿ. ಸುಮ್ನಿರು."

ನನಗಂತೂ ಮಾತಾಡುವ ಬಾಯಿ ಇರಲಿಲ್ಲ, ಸುಮ್ಮನಿರುವುದು ಅನಿವಾರ್ಯವಾಗಿತ್ತು. ಆದರೆ ಸುಮ್ಮನಿರು ಎಂದಾಗ ನನಗೆ ಸಮಾಧಾನವೂ ಆಯಿತು. ಅಳತೆಯೇ ತಪ್ಪಿತೆಂದು ಗೊತ್ತಾದರೆ ಕೆನ್ನೆಯ ಮೇಲಿನ ನೂರನ್ನು ಅಳಿಸಿಬಿಡುತ್ತಾರಲ್ಲ ಎಂಬ ಹೆದರಿಕೆ. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಸಮಾಧಾನವೇ.

ವರದಿ ಹೋಯಿತು. ಕೆಂಪು ಗೆರೆಯ ನಾಲ್ಕು ಟೈರುಗಳು ಆಂಬುಲೆನ್ಸಿಗೆ ಬಂದವು. ಅಂಗ್ರುಪ್ ಅವುಗಳ ಮೇಲೆ ಕೈಯಾಡಿಸಿ ಸಂತೋಷಪಟ್ಟ.

ಫೆಬ್ರವರಿಯ ಒಂದು ಬೆಳಿಗ್ಗೆ ಪಾಲ್ಮೋ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಲಕ್ವ ಹೊಡೆದವರನ್ನು ಬೇಗ ಆಸ್ಪತ್ರೆ ಮುಟ್ಟಿಸಿದಷ್ಟೂ ಒಳ್ಳೆಯದು ಎಂದು ಅಂಗ್ರುಪ್‌ಗೆ ಗೊತ್ತಿತ್ತು. ತಾಯಿಯನ್ನು ಮಲಗಿಸಿಕೊಂಡು ಹೊರಟ. ಬಿಸಿಲು ಬೀಳದ ಒಂದು ತಿರುವಿನಲ್ಲಿ ಮಂಜುಗಡ್ಡೆಯಿತ್ತು. ಅವನು ಬ್ರೇಕ್ ಒತ್ತಿದ, ಗಾಡಿ ನಿಲ್ಲಲಿಲ್ಲ. ಜಾರುತ್ತ ಹೋಗಿ ಮೂತಿಯನ್ನು ಚರಂಡಿಯ ಹಿಮದಲ್ಲಿ ಹೂತಿತು. ಎಳೆಯುವ ಯಂತ್ರ ಬರಲು ಎರಡು ಗಂಟೆ ಹಿಡಿಯಿತು. ಪಾಲ್ಮೋ ಬದುಕಿದಳು. ಬಲಗೈ ಮಾತ್ರ ಮತ್ತೆ ಏಳಲಿಲ್ಲ.

ನಾಲ್ಕು ದಿನದ ಮೇಲೆ ಅಂಗ್ರುಪ್ ನಮ್ಮ ಶೆಡ್ಡಿಗೆ ಬಂದ. ತನುಜಾ, ಅಡಿವೆಪ್ಪ ಇಬ್ಬರೂ ಇದ್ದರು. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಒಂದು ಮಾತು ಕೇಳಬೇಕಿತ್ತು. ಪ್ರತಿ ವರ್ಷ ಒತ್ತುವ ಜಾಗದಲ್ಲೇ ಬ್ರೇಕ್ ಒತ್ತಿದೆ. ಟೈರು ಚೆನ್ನಾಗಿದೆ, ನೀವೇ ನೋಡಿದ್ದೀರಲ್ಲ. ಅಂದಮೇಲೆ ತಪ್ಪು ನನ್ನ ಕಾಲಿನದೇ. ಅಮ್ಮನ ಕೈ ನಾನೇ ಕಳೆದೆ, ಅಲ್ಲವೇ?"

ಅಡಿವೆಪ್ಪ ನನ್ನ ಕಡೆ ಒಮ್ಮೆ ನೋಡಿದ.

"ಮೇಡಮ್ಮಾರ, ನಿಮಗೂ ಹೇಳಬೇಕು," ಎಂದು ಮೊದಲು ಕನ್ನಡದಲ್ಲಿ ಶುರುಮಾಡಿದ. "ತಪ್ಪು ಇಂವಂದಲ್ರಿ. ಸಂಕ್ರಮಣದ ದಿನ ನಾನ ಟೈರಿಗೆ ಜಳಕ ಮಾಡಿಸಿದ್ನಿ. ಸೀಳಿನ್ಯಾಗ ನೀರು ಗಡ್ಡಿ ಕಟ್ಟಿತ್ತು. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ." ಆಮೇಲೆ ಅದನ್ನೇ ಹಿಂದಿಯಲ್ಲಿ ಅಂಗ್ರುಪ್‌ಗೆ ಹೇಳಿದ. 

ತನುಜಾ ಸಂಕ್ರಮಣದ ದಿನದ ಅಂಕಿಗಳ ಹಾಳೆ ತೆಗೆದಳು. "ಅವತ್ತು ಕೊನೇ ಓಟ ಓಡಿಸಿದ್ರೆ, ಅಷ್ಟೊತ್ತಿಗೆ ಸ್ವಲ್ಪ ಮಂಜು ಉದುರಿ ಅಂಕಿ ತಾಳೆಯಾಗದೆ ಸಿಕ್ಕಿಬೀಳ್ತಿತ್ತು. ನಾನೂ ಸಾಕು ಅಂದ್ಬಿಟ್ಟೆ," ಎಂದಳು.

ಅಂಗ್ರುಪ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಷ್ಟೇ ಕೇಳಿದ: "ಆ ನೀರು ಕಾಯಿಸಿದ್ದು ಅಮ್ಮ ತಾನೇ?"

ಅಡಿವೆಪ್ಪ ಹೌದೆಂದು ತಲೆಯಾಡಿಸಿದ.

"ಹಾಗಾದರೆ ಇದನ್ನು ಅವಳಿಗೆ ಹೇಳಬೇಡಿ. ಎಂದಿಗೂ ಹೇಳಬೇಡಿ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ.

ಮರುದಿನ ಮತ್ತೆ ಪರೀಕ್ಷೆ ನಡೆಯಿತು. ನಾನು ಇಪ್ಪತ್ತಾರಕ್ಕೆ ನಿಂತೆ, ಕೆಂಪು ಗೆರೆ ಮೂವತ್ಮೂರಕ್ಕೆ. ಎಪ್ಪತ್ತೊಂಬತ್ತು ಅಂಕ. ತನುಜಾ ಹಳೆಯ ವರದಿಯನ್ನು ರದ್ದುಮಾಡಿ, ಯಾಕೆಂದು ತನ್ನ ಹೆಸರಿನಲ್ಲೇ ಬರೆದಳು. ಆಂಬುಲೆನ್ಸಿನ ಟೈರು ಬದಲಾಯಿತು. ಅಡಿವೆಪ್ಪ ಕೆಲಸ ಬಿಟ್ಟ. ತಪ್ಪಿದ ಅಳತೆ ಇನ್ನು ಯಾರಿಗೂ ಬೇಡವಾಗಿತ್ತು, ನಮ್ಮ ನಾಲ್ವರಲ್ಲಿ ನನ್ನನ್ನು ಅವನು ಕೇಳಿ ತೆಗೆದುಕೊಂಡ. ಹಾಗೆ ನಾನು ಬೈಲಹೊಂಗಲಕ್ಕೆ ಬಂದೆ.

ಇಲ್ಲಿ ಅವನು ಡ್ರೈವಿಂಗ್ ಕಲಿಸುತ್ತಾನೆ. ಹೊಸದಾಗಿ ಸೇರಿದ ಪ್ರತಿಯೊಬ್ಬರನ್ನೂ ಮೊದಲ ದಿನ ನನ್ನ ಮುಂದೆ ಕೂರಿಸಿ, ಸೀಳಿನಲ್ಲಿ ಉಗುರು ಹಾಕಲು ಹೇಳಿ, ತನ್ನ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾನೆ. ಪ್ರತಿ ಸಲವೂ ನನ್ನ ಮಾನ ಹೋಗುತ್ತದೆ. ಹೋಗಲಿ, ಅದು ಇದ್ದಾಗ ನಾನು ಅದರಿಂದ ಮಾಡಿದ್ದಾದರೂ ಏನು?

ಮೊನ್ನೆ, ಸಂಕ್ರಮಣದ ಹಿಂದಿನ ದಿನ, ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಒಂದು ಜೊತೆ ಉಣ್ಣೆಯ ಕಾಲುಚೀಲ. ಒಂದು ಒತ್ತಾಗಿ, ಸೊಗಸಾಗಿ ಹೆಣೆದದ್ದು. ಇನ್ನೊಂದರ ಹೆಣಿಗೆ ಸಡಿಲ, ಅಂಚು ಸೊಟ್ಟ, ಅಲ್ಲಲ್ಲಿ ಕೊಂಡಿ ತಪ್ಪಿ ತೂತು ಬಿದ್ದಿತ್ತು. ಎಡಗೈಯೊಂದರಲ್ಲೇ ಹೆಣೆದದ್ದು. ಜೊತೆಗೆ ಅಂಗ್ರುಪ್ ಬರೆದ ಎರಡು ಸಾಲು. ಅಡಿವೆಪ್ಪ ಅದನ್ನು ನನ್ನ ಪಕ್ಕದಲ್ಲೇ ಕೂತು ತನಗೆ ತಾನೇ ಓದಿಕೊಂಡ. "ಜೋಡಿ ಮುಗಿಸಲು ಮೂರು ವರ್ಷ ಹಿಡಿಯಿತು ಎಂದು ಅಮ್ಮ ಹೇಳುತ್ತಾಳೆ, ಬೇಸರ ಮಾಡಿಕೊಳ್ಳಬೇಡಿ. ಈ ಸಲ ಹಬ್ಬಕ್ಕೆ ಆ ಟೈರಿಗೆ ಬಿಸಿನೀರಿನ ಸ್ನಾನ ಆಯಿತೇ ಎಂದು ಕೇಳುತ್ತಿದ್ದಾಳೆ."

ಅವಳಿಗೆ ಇನ್ನೂ ಗೊತ್ತಿಲ್ಲ.

ಅಡಿವೆಪ್ಪ ಸಡಿಲ ಕಾಲುಚೀಲವನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಉತ್ತರ ಬರೆಯಲು ಕಾರ್ಡು ತಂದ, 'ಆಯಿತು' ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದ. ಆಗದೇ ಇದ್ದದ್ದನ್ನು ಆಯಿತೆಂದು ಬರೆಯುವುದು ಅವನಿಂದ ಈಗ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದವನೇ ಒಲೆಯ ಮೇಲೆ ನೀರಿಟ್ಟ. ಮೂರು ವರ್ಷದಿಂದ ನೀರು ಮುಟ್ಟಿಸದ ನನ್ನ ಮೈಮೇಲೆ ಬಿಸಿನೀರು ಸುರಿದು ಮೆಲ್ಲಗೆ ತಿಕ್ಕಿದ. ವಿಭೂತಿ ಹಚ್ಚಲಿಲ್ಲ, ಊದುಬತ್ತಿ ಹಚ್ಚಲಿಲ್ಲ. ಇಲ್ಲಿನ ಬಿಸಿಲಿಗೆ ನೀರು ಮಂಜಾಗುವುದಿಲ್ಲ, ಸೀಳುಗಳಿಂದ ಸೋರಿ ಮಣ್ಣಿಗೆ ಇಳಿದುಹೋಯಿತು. ಆದರೂ ಅಡಿವೆಪ್ಪ ಕನ್ನಡಕ ಹಾಕಿಕೊಂಡು ನನ್ನ ಮುಂದೆ ಕೂತ. ಒಳಗೆ ಒಂದು ಹನಿಯಾದರೂ ಉಳಿದಿದೆಯೇ ಎಂದು ಒಂದೊಂದು ಸೀಳಿಗೂ ಉಗುರು ಹಾಕಿ ನೋಡಿದ, ಆಮೇಲೆ ಕಾರ್ಡು ಬರೆದ.