ಹಳೇ ಲ್ಯಾಪ್‌ಟಾಪ್ ಕೊಡೋ ಮುಂಚೆ

ಪರಶುರಾಂಪುರದ ಉಗ್ರಪ್ಪ ಅಂದ್ರೆ ಸುತ್ತಲ ಹಳ್ಳಿಗೆಲ್ಲ ಗೊತ್ತು. ಟ್ರ್ಯಾಕ್ಟರ್ ಯಾವುದು ತಗೋಬೇಕು, ಬೋರಿಗೆ ಎಷ್ಟು ಎಚ್‌ಪಿ ಮೋಟರ್ ಬೇಕು ಅಂತ ಜನ ಅವನನ್ನೇ ಕೇಳೋರು. ಮಗಳು ಆಶಾಗೆ ಲ್ಯಾಪ್‌ಟಾಪ್ ತರೋಕೆ ಚಳ್ಳಕೆರೆಗೆ ಹೋದಾಗ ಅಂಗಡಿಯವನು, "ಎಷ್ಟು ಜಿಬಿ ಬೇಕು ಯಜಮಾನ್ರೇ?" ಅಂದ. ತಿಳಿಯಲ್ಲ ಅನ್ನೋಕೆ ಉಗ್ರಪ್ಪನಿಗೆ ಬಾಯಿ ಬರಲಿಲ್ಲ.

"ಕಾಲೇಜು ಹುಡುಗಿಗೆ. ನೋಡಿ ಒಳ್ಳೇದು ಕೊಡಪ್ಪ" ಅಂದ.

ತೆಳ್ಳಗೆ ಹೊಳೆಯೋದೊಂದು ಸಿಕ್ಕಿತು. ಮಗಳ ಹಳೇ ಲ್ಯಾಪ್‌ಟಾಪನ್ನ ಎಕ್ಸ್‌ಚೇಂಜ್‌ಗೆ ಅಲ್ಲೇ ಬಿಟ್ಟು ಬಂದ. ಮಗಳು ಖುಷಿಪಡಲಿ ಅಂತ ಅವಳಿಗೆ ಹೇಳದೇ ಒಯ್ದಿದ್ದ.

ಸಂಜೆ ಕಾಲೇಜಿಂದ ಬಂದ ಆಶಾ ಕೇಳಿದಳು, "ಅಪ್ಪಾ, ಹಳೇದೆಲ್ಲಿ?"

"ಅಂಗಡಿಗೆ ಕೊಟ್ಟೆ. ಸ್ಕ್ರೀನು ಸೀಳು ಬಿಟ್ಟಿತ್ತಲ್ಲ."

"ನನ್ನ ಪ್ರಾಜೆಕ್ಟ್ ಅದರಾಗೇ ಐತೆ."

ಎರಡು ತಿಂಗಳು ಕುರಿಹಟ್ಟಿಗಳಿಗೆ ತಿರುಗಿ, ಮೂವತ್ತು ಜನ ಕುರಿಗಾಹಿಗಳ ಮಾತು ರೆಕಾರ್ಡ್ ಮಾಡಿದ್ದಳು. ಸೋಮವಾರ ಕಾಲೇಜಿಗೆ ಒಪ್ಪಿಸಬೇಕಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಉಗ್ರಪ್ಪನಿಗೆ.

"ಸಿಮ್ ಹಾಕಿದ್ರೆ ನಂಬರೆಲ್ಲ ಬರೋ ಹಂಗೆ ಇವೂ ಹೊಸದ್ರಾಗೆ ಬರ್ತಾವೇನೋ ಅಂದ್ಕೊಂಡೆ" ಅಂದ ಮೆಲ್ಲಗೆ.

"ಯಾರನ್ನಾದ್ರೂ ಒಂದು ಮಾತು ಕೇಳಬಾರದಾ?" ಅಂದಳು ಅವನ ತಾಯಿ ಯರ್ರಮ್ಮ.

ಪಕ್ಕದ ಮನೆಯ ವನಜಾಕ್ಷಿ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳೋಳು, ಮಕ್ಕಳಿಗೆ ಕಂಪ್ಯೂಟರ್ ಕಲಿಸೋಳು. ಆಶಾ ಕರೆದಾಗ ಬಂದು ಹೊಸದನ್ನ ತೆರೆದು ನೋಡಿದಳು.

"ಉಗ್ರಪ್ಪಣ್ಣ, ಫೈಲು ತಾವಾಗೇ ಬರಲ್ಲ, ನಾವೇ ಸಾಗಿಸಬೇಕು. ಇದರಾಗೆ ಜಾಗ ಬರೀ ಅರವತ್ನಾಲ್ಕು ಜಿಬಿ. ಅರ್ಧ ವಿಂಡೋಸಿಗೇ ಹೋಗ್ತೈತೆ. ಮೂರು ವರ್ಷದ ಓದು ಇದರಾಗೆ ಹಿಡಿಯಲ್ಲ."

ಬೆಳಿಗ್ಗೆ ಉಗ್ರಪ್ಪ, ಆಶಾ, ವನಜಾಕ್ಷಿ ಮೂವರೂ ಚಳ್ಳಕೆರೆ ಬಸ್ಸು ಹತ್ತಿದರು. ಅಂಗಡಿಯಲ್ಲಿ ಹಳೇ ಲ್ಯಾಪ್‌ಟಾಪ್ ಕೌಂಟರ್ ಮೇಲೇ ಇತ್ತು. ಯಾರೋ ಗಿರಾಕಿ ಅದನ್ನ ತೆರೆದು ನೋಡ್ತಿದ್ದ. ಪಾಸ್‌ವರ್ಡ್ ಇರಲಿಲ್ಲ. ಪರದೆ ಮೇಲೆ ಉಗ್ರಪ್ಪನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ. ಗಿರಾಕಿ ಮುಂದಕ್ಕೆ ಒತ್ತಿದ. ಮುಂದಿನ ಫೋಟೋದಲ್ಲಿ ಆಸ್ಪತ್ರೆ ಮಂಚದ ಮೇಲೆ ತಲೆಗೂದಲು ಕೆದರಿ, ಸೆರಗು ಜಾರಿ ಮಲಗಿದ್ದ ಯರ್ರಮ್ಮ.

ಉಗ್ರಪ್ಪ ಹೋಗಿ ಲ್ಯಾಪ್‌ಟಾಪ್ ಮುಚ್ಚಿದ. ಮುಖ ಕೆಂಪಾಗಿತ್ತು.

"ನಮ್ಮವ್ವ ಕಣಪ್ಪ" ಅಂದ. ಆಮೇಲೆ ಅಂಗಡಿಯವನ ಕಡೆ ತಿರುಗಿ, "ನನಗೆ ಇದರ ಬಗ್ಗೆ ಏನೂ ತಿಳಿಯಲ್ಲ. ನಿನ್ನೆ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಹಳೇದು ಸ್ವಲ್ಪ ಹೊತ್ತು ಕೊಡು."

ಅಂಗಡಿಯವನೂ ಮೆತ್ತಗಾದ. ಬಿಲ್ಲು ನೋಡಿ, ಹೊಸದನ್ನ ಬದಲಾಯಿಸಿ ಕೊಡ್ತೀನಿ ಅಂದ. ಈ ಸಲ ಆಶಾ ಆರಿಸಿದಳು. ಕೆಲಸ ಬೇಗ ಸಾಗೋಕೆ ಎಂಟು ಜಿಬಿ ರ್‍ಯಾಮ್, ಫೈಲು ಇಡೋಕೆ ಐನೂರ ಹನ್ನೆರಡು ಜಿಬಿ ಎಸ್‌ಎಸ್‌ಡಿ. ಹೊಳಪಿಲ್ಲ, ಸ್ವಲ್ಪ ದಪ್ಪ. ಕೀಬೋರ್ಡಿನ ಕೀಗಳನ್ನೆಲ್ಲ ಒತ್ತಿ ನೋಡಿದಳು. ರಿಪೇರಿ ಎಲ್ಲಿ ಮಾಡ್ತಾರೆ, ವಾರಂಟಿ ಎಷ್ಟು ವರ್ಷ ಅಂತ ಉಗ್ರಪ್ಪನೇ ಕೇಳಿದ.

ವನಜಾಕ್ಷಿ ತಾನು ತಂದಿದ್ದ ಹಾರ್ಡ್ ಡಿಸ್ಕಿಗೆ ಫೈಲೆಲ್ಲ ಕಾಪಿ ಮಾಡಿ, ಅಲ್ಲಿಂದ ಹೊಸದಕ್ಕೆ ಹಾಕಿದಳು. "ಕಟ್ ಮಾಡಿದ್ರೆ ಹಳೇದ್ರಾಗೆ ಉಳಿಯಲ್ಲ, ಕಾಪಿನೇ ಮಾಡಬೇಕು. ಒಂದೊಂದೂ ತೆರೆದು ನೋಡು ಆಶಾ" ಅಂದಳು. ಎರಡು ರೆಕಾರ್ಡಿಂಗ್ ತೆರೀಲಿಲ್ಲ. ಹಳೇದ್ರಿಂದ ಮತ್ತೆ ಕಾಪಿ ಮಾಡಿದ ಮೇಲೆ ಕುರಿಗಾಹಿ ದೊಡ್ಡೀರಪ್ಪನ ದನಿ ಕೇಳಿಸಿತು. ಆಮೇಲಷ್ಟೇ ಹಳೇದ್ರಾಗಿನ ಅಕೌಂಟಿಂದ ಹೊರಬಂದು, ಎಲ್ಲ ಅಳಿಸೋ ಹಂಗೆ ರೀಸೆಟ್ ಮಾಡಿ ಕೊಟ್ಟರು.

ಮನೆಗೆ ಬಂದ ಉಗ್ರಪ್ಪ ಫೋಟೋದ ವಿಷಯ ಮುಚ್ಚಿಡಲಿಲ್ಲ. ಯರ್ರಮ್ಮ ಸೆರಗು ಹೊದ್ದುಕೊಂಡಳು. "ಯಾರೋ ಏನೋ, ನೋಡಿದ್ನಾ?" ಅಂತ ಒಂದೇ ಸಲ ಕೇಳಿದಳು. "ನೋಡಿದ ಅವ್ವ, ನನ್ನದೇ ತಪ್ಪು" ಅಂದ ಮಗ.

ತಾಯಂದಿರೇ, ತಂದೆಯರೇ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಮೊದಲು ಅವರನ್ನೇ ಕೇಳಿ: ಯಾವ ಓದಿಗೆ ಬೇಕು, ಎಷ್ಟು ಜಾಗ ಬೇಕು? ತಿಳಿಯದಿದ್ದರೆ ತಿಳಿದವರನ್ನ ಜೊತೆಗೆ ಕರ್ಕೊಂಡು ಹೋಗಿ. ಹಳೇದನ್ನ ಕೊಡೋ ಮುಂಚೆ ಫೈಲು ಎರಡು ಕಡೆ ಉಳಿಸಿ, ತೆರೆದು ನೋಡಿ, ಆಮೇಲೆ ಅಳಿಸಿ. ನಿಮ್ಮ ಮನೆಯವರ ಮಾನ ಕೂಡ ಆ ಪೆಟ್ಟಿಗೆಯೊಳಗೇ ಇರುತ್ತೆ.